ಫಿಲ್ಟರ್ ಬದಲಿಸಿದರೂ ನಿಲ್ಲದ ಎಣ್ಣೆ ಸೋರಿಕೆ: ಪಿಕಪ್ ಟ್ರಕ್ಕಿನಲ್ಲಿ ಮೂಲ ಹುಡುಕುವ ಕ್ರಮ

ಪಿಕಪ್ ಟ್ರಕ್ಕಿನ ಆಯಿಲ್ ಫಿಲ್ಟರ್ ಸುತ್ತ ಎಣ್ಣೆ ಒಸರುತ್ತಿರುವುದು ಕಂಡರೆ ಹೊಸ ಫಿಲ್ಟರ್ ಹಾಕಿ ನೋಡುವುದು ಸಹಜ. ಒಂದು ಸಲ ಹಾಗೆ ಮಾಡುವುದರಲ್ಲಿ ತಪ್ಪೂ ಇಲ್ಲ. ಆದರೆ ಹೊಸದೂ ಕೆಲವೇ ದಿನಗಳಲ್ಲಿ ಒದ್ದೆಯಾದರೆ ಇನ್ನೊಂದನ್ನು ಕೊಳ್ಳುವ ಮೊದಲು ಕೈ ತಡೆಯಬೇಕು. ಫಿಲ್ಟರ್ ಎಂಬುದು ಒಂದು ತಗಡಿನ ಡಬ್ಬಿ, ಅದರೊಳಗೆ ಮಡಿಕೆ ಮಡಿಕೆಯಾದ ಸೋಸು ಕಾಗದ, ಬಾಯಿಯ ಸುತ್ತ ಒಂದು ರಬ್ಬರ್ ಗ್ಯಾಸ್ಕೆಟ್. ಇಂಥ ಸರಳ ವಸ್ತು ಸಾಲಾಗಿ ಎರಡು ಮೂರು ಬಾರಿ ದೋಷಯುಕ್ತವಾಗಿಯೇ ಸಿಗುವುದು ಅಪರೂಪ. ಮರುಕಳಿಸುವ ಸೋರಿಕೆಯ ಕಾರಣವು ಬಹುತೇಕ ಆ ಗ್ಯಾಸ್ಕೆಟ್ ಒತ್ತಿ ಕೂರುವ ಲೋಹದ ಮುಖದಲ್ಲಿ, ನಡುವಿನ ಥ್ರೆಡ್ ಇರುವ ಸ್ಟಡ್‌ನಲ್ಲಿ, ಅವೆರಡನ್ನೂ ಹೊತ್ತಿರುವ ಅಡಾಪ್ಟರ್‌ನಲ್ಲಿ, ಇಲ್ಲವೇ ಇವ್ಯಾವುದಕ್ಕೂ ಸಂಬಂಧವಿಲ್ಲದೆ ಮೇಲಿನ ಭಾಗದಿಂದ ಇಳಿದು ಬಂದು ಫಿಲ್ಟರ್ ಮೇಲೆ ಕೂಡಿಕೊಳ್ಳುವ ಎಣ್ಣೆಯಲ್ಲಿ ಇರುತ್ತದೆ.

ಆ ಜಾಗದಲ್ಲಿ ಎಷ್ಟು ಬಲ ಕೆಲಸ ಮಾಡುತ್ತದೆ ಎಂದು ಲೆಕ್ಕ ಹಾಕಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ದೋಷವೂ ಅಲ್ಲಿ ಏಕೆ ಮುಖ್ಯವಾಗುತ್ತದೆ ಎಂಬುದು ತಿಳಿಯುತ್ತದೆ. ತಣ್ಣಗಿರುವ ಎಂಜಿನ್ ಚಾಲೂ ಆದ ಕೂಡಲೇ ಎಣ್ಣೆಯ ಒತ್ತಡ 60 ಪಿಎಸ್‌ಐ, ಅಂದರೆ ಸುಮಾರು 4 ಬಾರ್, ಮುಟ್ಟುವುದು ಸಾಮಾನ್ಯ. ಗ್ಯಾಸ್ಕೆಟ್‌ನ ವ್ಯಾಸ 7 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರೊಳಗಿನ ವಿಸ್ತೀರ್ಣ ಸುಮಾರು 38 ಚದರ ಸೆಂಟಿಮೀಟರ್ ಆಗುತ್ತದೆ. ಆ ಒತ್ತಡದಲ್ಲಿ ಫಿಲ್ಟರನ್ನು ಎಂಜಿನ್‌ನಿಂದ ಆಚೆಗೆ ತಳ್ಳುವ ಬಲ 150 ಕಿಲೋಗ್ರಾಂ ತೂಕಕ್ಕೂ ಮಿಗಿಲು. ಇದನ್ನು ತಡೆದು ನಿಲ್ಲಿಸುವುದು ಒಂದು ಸ್ಟಡ್ ಮತ್ತು ಒಂದು ಮಿಲಿಮೀಟರಿನ ಆಸುಪಾಸಿನಷ್ಟು ಅಮುಕಿದ ರಬ್ಬರ್ ಮಾತ್ರ. ಇಂಚಿಗೆ 16 ಎಳೆಗಳಿರುವ ಸ್ಟಡ್‌ನಲ್ಲಿ ಒಂದು ಪೂರ್ತಿ ಸುತ್ತಿಗೆ ಫಿಲ್ಟರ್ ಮುಂದೆ ಸಾಗುವುದು 1.6 ಮಿಲಿಮೀಟರ್; ಗ್ಯಾಸ್ಕೆಟ್ ತಾಗಿದ ನಂತರ ಮುಕ್ಕಾಲು ಸುತ್ತು ಬಿಗಿಗೊಳಿಸಿದರೆ ಅದು ಅಮುಕಿಕೊಳ್ಳುವುದು 1.2 ಮಿಲಿಮೀಟರ್. ಹೀಗಿರುವಾಗ ಅರ್ಧ ಮಿಲಿಮೀಟರ್ ದಪ್ಪದ ಹಳೆಯ ರಬ್ಬರ್ ಚೂರೋ ಬಣ್ಣದ ಹಕ್ಕಳೆಯೋ ನಡುವೆ ಸಿಕ್ಕಿಕೊಂಡರೆ ಸೀಲ್ ಉಳಿಯುವುದಾದರೂ ಹೇಗೆ?

ಕೆಲಸಕ್ಕೆ ಇಳಿಯುವ ಮುನ್ನ

ಟ್ರಕ್ಕನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಅಡೆ ಕೊಡಿ. ಜ್ಯಾಕ್ ಇರುವುದು ಎತ್ತುವುದಕ್ಕೆ ಮಾತ್ರ; ಅಡಿಯಲ್ಲಿ ಮಲಗುವ ಮೊದಲು ಚಾಸಿಯ ಕೆಳಗೆ ಜ್ಯಾಕ್ ಸ್ಟ್ಯಾಂಡ್‌ಗಳಿರಲೇಬೇಕು. ಪಿಕಪ್ ಎತ್ತರವಾಗಿರುವುದರಿಂದ ಎತ್ತದೆಯೇ ಕೈ ಎಟಕುವುದಾದರೆ ಇನ್ನೂ ಒಳ್ಳೆಯದು. ಬಳಸಿದ ಎಂಜಿನ್ ಆಯಿಲ್ ದೀರ್ಘಕಾಲ ಚರ್ಮಕ್ಕೆ ತಾಗುತ್ತಿದ್ದರೆ ಅಪಾಯಕಾರಿಯಾದ್ದರಿಂದ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಎಣ್ಣೆ ಎಕ್ಸಾಸ್ಟ್ ಪೈಪಿನ ಮೇಲೆ ಬೀಳುತ್ತಿದ್ದರೆ, ಅಥವಾ ಓಡಿಸುವಾಗ ಆಯಿಲ್ ಪ್ರೆಶರ್ ದೀಪ ಒಮ್ಮೆ ಮಿನುಗಿದ್ದರೂ, ಪರಿಶೀಲನೆ ಮುಗಿಯುವ ತನಕ ಆ ವಾಹನವನ್ನು ರಸ್ತೆಗೆ ಒಯ್ಯಬಾರದು. ಮೊದಲನೆಯದು ಬೆಂಕಿಗೆ ದಾರಿ, ಎರಡನೆಯದು ಬೇರಿಂಗ್‌ಗಳ ನಾಶಕ್ಕೆ.

ಎಣ್ಣೆ ಹೊರಡುವ ಜಾಗವನ್ನು ಗುರುತಿಸುವುದು

ಎಲ್ಲಿ ತೊಟ್ಟಿಕ್ಕುತ್ತಿದೆ ಎಂಬುದಕ್ಕೂ ಎಲ್ಲಿಂದ ಹೊರಡುತ್ತಿದೆ ಎಂಬುದಕ್ಕೂ ನಡುವೆ ಕೆಲವೊಮ್ಮೆ ಎಂಜಿನ್‌ನ ಪೂರ್ತಿ ಎತ್ತರದಷ್ಟು ಅಂತರವಿರುತ್ತದೆ. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ಹರಡುತ್ತದೆ, ಕೊನೆಗೆ ಅದು ಎಂಜಿನ್‌ನ ಪಕ್ಕದಲ್ಲಿ ಚಾಚಿಕೊಂಡಿರುವ ಫಿಲ್ಟರ್ ಡಬ್ಬಿಯ ತುದಿಯಲ್ಲಿ ಹನಿಗಟ್ಟುತ್ತದೆ. ಆದ್ದರಿಂದ ಮೊದಲ ಹಂತ ತೊಳೆಯುವುದು. ತಣ್ಣಗಾದ ಎಂಜಿನ್ ಮೇಲೆ ಡಿಗ್ರೀಸರ್ ಸಿಂಪಡಿಸಿ, ಬ್ರಷ್‌ನಿಂದ ಉಜ್ಜಿ, ಆಲ್ಟರ್ನೇಟರ್ ಮತ್ತು ವೈರಿಂಗ್ ಕನೆಕ್ಟರ್‌ಗಳಿಗೆ ನೀರು ಹೋಗದಂತೆ ತೊಳೆದು, ಪೂರ್ತಿ ಒಣಗಲು ಬಿಡಿ. ಫಿಲ್ಟರ್, ಅದರ ಮೇಲಿನ ಬ್ಲಾಕ್‌ನ ಗೋಡೆ, ಅಡಾಪ್ಟರ್‌ನ ಅಂಚು, ಪ್ರೆಶರ್ ಸ್ವಿಚ್, ಕೆಳಗಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡ ತೊಲೆ) ಇವೆಲ್ಲ ಬಟ್ಟೆಗೆ ಕಲೆ ಹತ್ತದಷ್ಟು ಶುದ್ಧವಾಗಬೇಕು. ಬೇಸರದ ಕೆಲಸವೆಂಬುದು ನಿಜ, ಆದರೆ ಇಡೀ ಪರಿಶೀಲನೆಯಲ್ಲಿ ಅತಿ ಹೆಚ್ಚು ಫಲ ಕೊಡುವುದೂ ಇದೇ ಎಂಬುದು ನನ್ನ ಅಭಿಪ್ರಾಯ.

ಕ್ರಾಸ್ ಮೆಂಬರ್ ಎಂದು ಬೇರೆಯಾಗಿ ಹೇಳಿದ್ದಕ್ಕೆ ಕಾರಣವಿದೆ. ಹಲವು ಪಿಕಪ್‌ಗಳಲ್ಲಿ ಫಿಲ್ಟರ್ ಬಿಚ್ಚಿದಾಗ ಚೆಲ್ಲುವ ಎಣ್ಣೆ ಕ್ರಾಸ್ ಮೆಂಬರ್‌ನ ಪೊಳ್ಳಿನಲ್ಲೋ ಅಡಿಯ ರಕ್ಷಣಾ ತಗಡಿನ ಮೇಲೋ ನಿಂತುಬಿಡುತ್ತದೆ. ಮುಂದಿನ ಕೆಲವು ದಿನ ಬ್ರೇಕ್ ಹಾಕಿದಾಗ, ಇಳಿಜಾರಿನಲ್ಲಿ ನಿಲ್ಲಿಸಿದಾಗ ಅದು ಹನಿಹನಿಯಾಗಿ ಇಳಿಯುತ್ತದೆ. ಪ್ರತಿ ಬಾರಿ ಫಿಲ್ಟರ್ ಬದಲಿಸಿದ ನಂತರವೇ ಸೋರಿಕೆ ಕಾಣಿಸಿ ವಾರದೊಳಗೆ ತಾನಾಗಿ ನಿಲ್ಲುತ್ತಿದ್ದರೆ, ಡಿಪ್‌ಸ್ಟಿಕ್‌ನಲ್ಲಿ ಮಟ್ಟವೂ ಇಳಿಯದಿದ್ದರೆ, ಅದು ಸೋರಿಕೆಯೇ ಅಲ್ಲ.

ಒಣಗಿದ ಮೇಲೆ ಎಂಜಿನ್ ಚಾಲೂ ಮಾಡಿ ಹತ್ತು ಹದಿನೈದು ನಿಮಿಷ ಐಡಲ್‌ನಲ್ಲಿ ಬಿಟ್ಟು, ತಿರುಗುವ ಬೆಲ್ಟ್ ಮತ್ತು ಫ್ಯಾನ್‌ನಿಂದ ದೂರ ಇದ್ದು ಟಾರ್ಚ್ ಬೆಳಕಿನಲ್ಲಿ ಗಮನಿಸಿ. ಏನೂ ಕಾಣದಿದ್ದರೆ ಒಂದು ಸಣ್ಣ ಓಟ ಮುಗಿಸಿ ಬಂದು ಮತ್ತೆ ನೋಡಿ. ಒಸರು ತೀರಾ ಸೂಕ್ಷ್ಮವಾಗಿದ್ದರೆ ಎರಡು ಉಪಾಯಗಳಿವೆ. ಅನುಮಾನದ ಜಾಗಗಳಿಗೆ ಟಾಲ್ಕಮ್ ಪುಡಿಯನ್ನು ತೆಳ್ಳಗೆ ಉದುರಿಸಿದರೆ ಎಣ್ಣೆಯ ಮೊದಲ ಎಳೆ ಬಿಳಿಯ ಮೇಲೆ ಕಪ್ಪಾಗಿ ಮೂಡುತ್ತದೆ. ಅದೂ ಸಾಲದಿದ್ದರೆ ಎಂಜಿನ್ ಆಯಿಲ್‌ಗೆ ಬೆರೆಸುವ ಫ್ಲೋರೊಸೆಂಟ್ ಡೈ ಹಾಕಿ, ಒಂದೆರಡು ದಿನ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದರೆ ಎಣ್ಣೆ ಹೊರಟ ಬಿಂದುವಿನಿಂದಲೇ ಹಸಿರು ಮಿಶ್ರಿತ ಹಳದಿ ಗೆರೆ ಹೊಳೆಯುತ್ತದೆ. ಒದ್ದೆಯಾದ ಎಲ್ಲ ಜಾಗಗಳಲ್ಲಿ ಅತಿ ಎತ್ತರದ, ಅತಿ ಮುಂದಿನ ಬಿಂದು ಯಾವುದೋ ಅದೇ ಮೂಲ; ಅದಕ್ಕಿಂತ ಕೆಳಗಿನ ಒದ್ದೆಯನ್ನೆಲ್ಲ ಸದ್ಯಕ್ಕೆ ಮರೆಯಬಹುದು.

ಫಿಲ್ಟರ್ ಮೇಲೆ ಆರೋಪ ಹೊರಿಸುವ ಭಾಗಗಳ ಪೈಕಿ ಮೊದಲ ಸ್ಥಾನ ಆಯಿಲ್ ಪ್ರೆಶರ್ ಸ್ವಿಚ್‌ನದು. ಅನೇಕ ಎಂಜಿನ್‌ಗಳಲ್ಲಿ ಅದು ಫಿಲ್ಟರ್‌ನ ಪಕ್ಕದಲ್ಲೇ ಇರುತ್ತದೆ, ಮತ್ತು ಅದರ ಲೋಹ ಹಾಗೂ ಪ್ಲಾಸ್ಟಿಕ್ ಕೂಡುವ ಜಾಗ ಸಡಿಲವಾದರೆ ಎಣ್ಣೆ ಕನೆಕ್ಟರ್‌ನೊಳಗೇ ನುಗ್ಗುತ್ತದೆ. ಕನೆಕ್ಟರ್ ಎಳೆದು ನೋಡಿದಾಗ ಒಳಗೆ ಎಣ್ಣೆ ಇದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್ ಎರಡನೆಯ ಅನುಮಾನ. ವಿ ಆಕಾರದ ಎಂಜಿನ್‌ಗಳಲ್ಲಿ ಇನ್ನೊಂದು ಸಾಧ್ಯತೆ ಇದೆ: ರ‍್ಯಾಮ್ 1500 ಪಿಕಪ್‌ನಲ್ಲಿ ಬರುವ 3.6 ಲೀಟರ್ ಪೆಂಟಾಸ್ಟಾರ್ ಎಂಜಿನ್‌ನಲ್ಲಿ ಫಿಲ್ಟರ್ ಹೌಸಿಂಗ್ ಎರಡು ಸಿಲಿಂಡರ್ ಸಾಲುಗಳ ನಡುವಿನ ತಗ್ಗಿನಲ್ಲಿ ಕುಳಿತಿರುತ್ತದೆ. ಅಲ್ಲಿ ಒಸರಿದ ಎಣ್ಣೆ ತಗ್ಗಿನಲ್ಲೇ ಹಿಂದಕ್ಕೆ ಹರಿದು ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ ತೊಟ್ಟಿಕ್ಕುವುದರಿಂದ ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ಸೀಲ್ ಹೋಗಿದೆಯೆಂದು ಭಾವಿಸಿ ಗೇರ್‌ಬಾಕ್ಸ್ ಇಳಿಸುವ ತನಕ ಮಾತು ಹೋಗುವುದುಂಟು.

ಸೋರಿಕೆ ಎಂಜಿನ್ ಓಡುವಾಗಲೋ ನಿಂತಾಗಲೋ ಎಂಬುದನ್ನೂ ಗುರುತಿಸಿಕೊಳ್ಳಿ. ಫಿಲ್ಟರ್‌ನ ಗ್ಯಾಸ್ಕೆಟ್ ಒತ್ತಡದ ಬದಿಯಲ್ಲಿರುವುದರಿಂದ ಅದು ಮುಖ್ಯವಾಗಿ ಓಡುವಾಗ ಸೋರುತ್ತದೆ. ಎಂಜಿನ್ ಆರಿಸಿ ಗಂಟೆಗಳಾದ ಮೇಲೂ ಒಂದೇ ಗತಿಯಲ್ಲಿ ಹನಿ ಬೀಳುತ್ತಿದ್ದರೆ ಆಯಿಲ್ ಪ್ಯಾನ್ (ಎಂಜಿನ್ ತಳದ ಎಣ್ಣೆ ತೊಟ್ಟಿ), ಡ್ರೈನ್ ಪ್ಲಗ್‌ಗಳ ಕಡೆ ನೋಡುವುದು ಲೇಸು.

ಸಮಯ ಹೇಳುವ ಸುಳಿವು

ಮೂಲ ಫಿಲ್ಟರ್‌ನ ಬುಡವೇ ಎಂದು ಖಚಿತವಾದರೆ, ಸೋರಿಕೆ ಯಾವಾಗ ಶುರುವಾಗುತ್ತದೆ ಎಂಬುದರಿಂದಲೇ ಕಾರಣವನ್ನು ಅರ್ಧದಷ್ಟು ಊಹಿಸಬಹುದು. ಫಿಲ್ಟರ್ ಹಾಕಿ ಚಾಲೂ ಮಾಡಿದ ಮೊದಲ ನಿಮಿಷದಲ್ಲೇ ಧಾರೆಯಾಗಿ ಬಂದರೆ ಹಳೆಯ ಗ್ಯಾಸ್ಕೆಟ್ ಎಂಜಿನ್‌ಗೆ ಅಂಟಿಕೊಂಡೇ ಉಳಿದಿದೆ, ಅಥವಾ ಫಿಲ್ಟರ್ ಆ ಎಂಜಿನ್‌ನದಲ್ಲ. ಕೆಲವು ನೂರು ಕಿಲೋಮೀಟರ್ ಚೆನ್ನಾಗಿದ್ದು ಆಮೇಲೆ ಒಸರಿದರೆ ಬಿಗಿತ ಸಾಲದು, ಇಲ್ಲವೇ ಸ್ಟಡ್ ಸಡಿಲವಾಗಿದೆ. ಮುಂದಿನ ಬದಲಾವಣೆಯ ಹೊತ್ತಿಗೆ ಮಾತ್ರ ಒದ್ದೆ ಕಂಡರೆ ರಬ್ಬರ್ ಬಿಸಿಗೆ ಗಡುಸಾಗಿದೆ. ಸರ್ವಿಸ್‌ನ ಅಂತರ ಬಹಳ ಉದ್ದವಾಗಿದೆ ಎಂದರ್ಥ. ಚಳಿಯ ಬೆಳಗ್ಗೆ ಮೊದಲ ಬಾರಿ ಚಾಲೂ ಮಾಡಿದಾಗ ಮಾತ್ರ ಬಂದು ಬಿಸಿಯಾದ ಮೇಲೆ ನಿಂತರೆ ಒತ್ತಡ ಮಿತಿಮೀರುತ್ತಿರಬಹುದು, ಅಥವಾ ತಯಾರಕರು ಹೇಳಿದ್ದಕ್ಕಿಂತ ಗಟ್ಟಿಯಾದ ಎಣ್ಣೆ ತುಂಬಿರಬಹುದು. ಫಿಲ್ಟರ್ ಬದಲಿಸಲಿ ಬಿಡಲಿ ಯಾವಾಗಲೂ ಒಂದೇ ಪ್ರಮಾಣದಲ್ಲಿ ಸೋರಿದರೆ ಅಡಾಪ್ಟರ್.

ಇಲ್ಲೊಂದು ಮಾತು ಸೇರಿಸಬೇಕು. ಎಂಜಿನ್ ಒಳಗಿನ ಅನಿಲವನ್ನು ಹೊರಬಿಡುವ ಪಿಸಿವಿ ವಾಲ್ವ್ ಕಟ್ಟಿಕೊಂಡು ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಏರಿದ್ದರಿಂದಲೇ ಫಿಲ್ಟರ್ ಸೋರುತ್ತಿದೆ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಆ ಒತ್ತಡ ವಾಲ್ವ್ ಕವರ್ ಮತ್ತು ಕ್ರ್ಯಾಂಕ್ ಸೀಲ್‌ಗಳನ್ನು ಸೋರಿಸಬಲ್ಲದು, ನಿಜ. ಆದರೆ 4 ಬಾರ್ ತಡೆಯಬೇಕಾದ ಗ್ಯಾಸ್ಕೆಟ್‌ಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಪಿಸಿವಿ ಬದಲಿಸಿದ ಮೇಲೆ ಫಿಲ್ಟರ್ ಬಳಿಯ ಎಣ್ಣೆ ನಿಂತಿತೆಂದರೆ ಆ ಎಣ್ಣೆ ಮೊದಲಿನಿಂದಲೂ ಬೇರೆಡೆಯದು.

ಫಿಲ್ಟರ್ ಬಿಚ್ಚಿದ ಮೇಲೆ ನೋಡಬೇಕಾದ್ದು

ಎಂಜಿನ್ ಬೆಚ್ಚಗಿದ್ದು ಮುಟ್ಟಲು ಬರುವಂತಿರುವಾಗ, ಕೆಳಗೆ ಅಗಲವಾದ ಪಾತ್ರೆ ಇಟ್ಟು ಫಿಲ್ಟರ್ ಬಿಚ್ಚಿ. ಬಿಚ್ಚಿದ ತಕ್ಷಣ ಅದರ ಬಾಯಿಯನ್ನು ನೋಡಿ: ಗ್ಯಾಸ್ಕೆಟ್ ಅದರಲ್ಲೇ ಇದೆಯೇ? ಇಲ್ಲದಿದ್ದರೆ ಅದು ಎಂಜಿನ್‌ಗೆ ಅಂಟಿದೆ; ಕಪ್ಪು ಎಣ್ಣೆಯ ನಡುವೆ ಕಪ್ಪು ರಬ್ಬರ್ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಬೆರಳಿನಿಂದ ಸವರಿ ಖಚಿತಪಡಿಸಿಕೊಳ್ಳಿ. ಗ್ಯಾಸ್ಕೆಟ್ ಇದ್ದರೆ ಅದರ ಮೇಲಿನ ಅಚ್ಚು ಬಹಳಷ್ಟು ಹೇಳುತ್ತದೆ. ಸುತ್ತಲೂ ಒಂದೇ ಅಗಲದ ಹೊಳಪು ಪಟ್ಟಿ ಇದ್ದರೆ ಅದು ಸಮವಾಗಿ ಕುಳಿತಿತ್ತು. ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು ಎಂದಾದರೆ ಸ್ಟಡ್ ಓರೆಯಾಗಿದೆ ಅಥವಾ ಕೂರುವ ಮುಖ ಸೊಟ್ಟಗಿದೆ. ಅಡ್ಡಲಾಗಿ ಒಂದು ಗೆರೆ ಕಂಡರೆ ಎದುರಿನ ಲೋಹದಲ್ಲಿ ಅದೇ ಜಾಗದಲ್ಲಿ ಗೀರು ಇರುತ್ತದೆ. ರಬ್ಬರ್ ತನ್ನ ಕಾಲುವೆಯಿಂದ ಹೊರಗೆ ಚಾಚಿ ಹರಿದಿದ್ದರೆ ಅತಿಯಾದ ಬಿಗಿತವೋ ಅತಿಯಾದ ಒತ್ತಡವೋ ಕಾರಣ. ಡಬ್ಬಿಯ ತಳ ಉಬ್ಬಿದ್ದರೆ ಮಾತ್ರ ಅನುಮಾನವೇ ಬೇಡ, ಅದು ಒತ್ತಡದ ಕೆಲಸ.

ಮುಂದಿನದು ಕೂರುವ ಮುಖ. ನೂಲು ಬಿಡದ ಬಟ್ಟೆಯಿಂದ ಒರೆಸಿ, ಬ್ರೇಕ್ ಕ್ಲೀನರ್ ಬಳಸುವುದಾದರೆ ಬಟ್ಟೆಗೆ ಹಾಕಿ ಒರೆಸಿ, ಬೆಳಕು ಬಿಟ್ಟು, ಉಗುರಿನ ತುದಿಯನ್ನು ಸುತ್ತಲೂ ಎಳೆಯಿರಿ. ಉಗುರು ಎಲ್ಲಿ ತಡೆಯುತ್ತದೋ ಅಲ್ಲಿ ಎಣ್ಣೆಗೂ ದಾರಿ ಇದೆ. ತುಕ್ಕಿನ ಕುಳಿಗಳು, ಹಿಂದೆ ಯಾರೋ ಸ್ಕ್ರೂ ಡ್ರೈವರ್‌ನಿಂದ ಗ್ಯಾಸ್ಕೆಟ್ ಕೆರೆದ ಗುರುತು, ಅಂಚಿನಿಂದ ಎದ್ದ ಬಣ್ಣ, ಇವು ಸಾಮಾನ್ಯವಾಗಿ ಸಿಗುತ್ತವೆ. ಮರಳು ಕಾಗದ ಹಿಡಿದು ಉಜ್ಜುವ ಆಸೆಯನ್ನು ಇಲ್ಲಿ ಹತ್ತಿಕ್ಕಬೇಕು. ಆ ಮುಖದ ನಡುವೆಯೇ ಎಣ್ಣೆಯ ದಾರಿಗಳು ತೆರೆದಿರುವುದರಿಂದ ಉದುರುವ ಕಣಗಳು ಬೇರಿಂಗ್‌ಗಳಿಗೆ ಹೋಗುತ್ತವೆ. ಎದ್ದ ಬಣ್ಣವನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ತೆಗೆಯಬಹುದು. ಗೀರು ಆಳವಾಗಿದ್ದು ಮುಖವು ಬಿಚ್ಚಬಲ್ಲ ಅಡಾಪ್ಟರ್ ಮೇಲಿದ್ದರೆ ಅಡಾಪ್ಟರ್ ಬದಲಿಸುವುದೇ ನೇರ ಪರಿಹಾರ. ಮುಖವು ಬ್ಲಾಕ್‌ನದೇ ಆಗಿದ್ದರೆ ಯಂತ್ರದಲ್ಲಿ ಸಮ ಮಾಡಿಸುವ ವಿಚಾರವನ್ನು ಅನುಭವಿ ಎಂಜಿನ್ ಕೆಲಸಗಾರರಿಗೆ ಬಿಡಿ. ಸಿಲಿಕೋನ್ ಸೀಲಂಟ್ ಬಳಿದು ಮುಚ್ಚುವುದು ಸರ್ವಥಾ ಬೇಡ. ಹಿಂಡಿಕೊಂಡು ಒಳಗೆ ಹೋದ ಅದರ ಎಳೆ ಎಣ್ಣೆಯ ಸಣ್ಣ ದಾರಿಗಳನ್ನು ಮುಚ್ಚಬಲ್ಲದು.

ನಂತರ ಸ್ಟಡ್. ಅದನ್ನು ಬೆರಳಿನಿಂದ ಹಿಡಿದು ಅಲುಗಿಸಿ, ತಿರುಗಿಸಿ ನೋಡಿ, ಕಿಂಚಿತ್ತೂ ಕದಲಬಾರದು. ಅತಿ ಬಿಗಿಯಾಗಿದ್ದ ಫಿಲ್ಟರ್ ಬಿಚ್ಚುವಾಗ ಸ್ಟಡ್ ಅದರೊಂದಿಗೆ ಒಂದೆರಡು ಎಳೆ ಹೊರಬಂದಿರುತ್ತದೆ, ಕೆಲವೊಮ್ಮೆ ಪೂರ್ತಿ ಕಿತ್ತುಬಂದು ಹಳೆಯ ಫಿಲ್ಟರ್‌ನಲ್ಲೇ ಉಳಿಯುತ್ತದೆ. ಹೊರಗೆ ಚಾಚಿದ ಸ್ಟಡ್ ಮೇಲೆ ಹೊಸ ಫಿಲ್ಟರ್ ಹಾಕಿದರೆ, ಗ್ಯಾಸ್ಕೆಟ್ ಸರಿಯಾಗಿ ಅಮುಕುವ ಮೊದಲೇ ಅದು ತಡೆದು ನಿಲ್ಲಬಹುದು. ಕೈಗೆ ಮಾತ್ರ ಬಿಗಿಯಾದಂತೆಯೇ ಅನ್ನಿಸುತ್ತದೆ. ಎಷ್ಟೇ ಫಿಲ್ಟರ್ ಬದಲಿಸಿದರೂ ಹೋಗದ ಸೋರಿಕೆಗಳಲ್ಲಿ ಈ ದೋಷ ಬಹಳ ಸುಲಭವಾಗಿ ಕಣ್ತಪ್ಪಿಸಿಕೊಳ್ಳುತ್ತದೆ. ಸಡಿಲವಿದ್ದರೆ ಸ್ಟಡ್ ತೆಗೆದು, ಎರಡೂ ಕಡೆಯ ಥ್ರೆಡ್ ಶುಚಿಮಾಡಿ, ಎಣ್ಣೆಯನ್ನು ತಡೆಯುವ ಥ್ರೆಡ್ ಲಾಕರ್ ಹಚ್ಚಿ, ಆ ಎಂಜಿನ್‌ನ ಸರ್ವಿಸ್ ಕೈಪಿಡಿಯಲ್ಲಿರುವ ಟಾರ್ಕ್‌ಗೆ ಕೂರಿಸಿ.

ಥ್ರೆಡ್‌ನ ಅಳತೆಯನ್ನೂ ಹೋಲಿಸಿ. ಮುಕ್ಕಾಲು ಇಂಚಿನ ಸ್ಟಡ್‌ನ ಹೊರ ವ್ಯಾಸ 19.05 ಮಿಲಿಮೀಟರ್. 20 ಮಿಲಿಮೀಟರ್‌ನ, ಎಳೆಗಳ ನಡುವೆ 1.5 ಮಿಲಿಮೀಟರ್ ಅಂತರವಿರುವ ಫಿಲ್ಟರ್ ಕೂಡ ಅದರ ಮೇಲೆ ಸಡಿಲವಾಗಿ ಸಾಗುತ್ತದೆ, ಒಂದಿಷ್ಟು ಬಿಗಿಯಾದಂತೆ ನಟಿಸುತ್ತದೆ, ಮತ್ತು ಒತ್ತಡ ಬಂದಾಗ ಜಾರುತ್ತದೆ. ಡಬ್ಬಿಯ ಗಾತ್ರ ಒಂದೇ ಇದೆ ಎಂಬುದು ಫಿಲ್ಟರ್ ಸರಿ ಎಂಬುದಕ್ಕೆ ಆಧಾರವಲ್ಲ. ಭಾಗದ ಸಂಖ್ಯೆಯನ್ನು ಎಂಜಿನ್ ಮಾದರಿ ಮತ್ತು ವರ್ಷದೊಂದಿಗೆ ತಾಳೆ ಮಾಡಿ, ಗ್ಯಾಸ್ಕೆಟ್‌ನ ವ್ಯಾಸ ಕೂರುವ ಮುಖದ ನಡುವೆ ಬರುತ್ತದೆಯೇ ಎಂದು ಹಿಡಿದು ನೋಡಿ.

ಹೊಸದನ್ನು ಕೂರಿಸುವ ಕ್ರಮ

ಗ್ಯಾಸ್ಕೆಟ್‌ಗೆ ಹೊಸ ಎಂಜಿನ್ ಆಯಿಲ್‌ನ ತೆಳುವಾದ ಲೇಪ ಕೊಡಿ. ಒಣ ರಬ್ಬರ್ ಲೋಹಕ್ಕೆ ಅಂಟಿಕೊಂಡು ತಿರುಚಿಕೊಳ್ಳುತ್ತದೆ. ಫಿಲ್ಟರನ್ನು ಕೈಯಿಂದಲೇ ತಿರುಗಿಸಿ. ಮೊದಲ ಎಳೆಯಲ್ಲೇ ತಡೆದರೆ ಬಲ ಹಾಕದೆ ಹಿಂದಕ್ಕೆ ಬಿಚ್ಚಿ ಮತ್ತೆ ನೇರವಾಗಿ ಹಿಡಿಯಿರಿ. ಗ್ಯಾಸ್ಕೆಟ್ ಲೋಹಕ್ಕೆ ತಾಗಿದ ಕ್ಷಣದಲ್ಲಿ ಡಬ್ಬಿಯ ಮೇಲೆ ಮಾರ್ಕರ್‌ನಿಂದ ಒಂದು ಗುರುತು ಹಾಕಿ, ಅಲ್ಲಿಂದ ಫಿಲ್ಟರ್ ಮೇಲೆ ಅಚ್ಚಾಗಿರುವಷ್ಟು, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಬಿಗಿಗೊಳಿಸಿ. ಆ ಗುರುತು ಮುಂದೆಯೂ ಉಪಯೋಗಕ್ಕೆ ಬರುತ್ತದೆ: ಕೆಲವು ವಾರಗಳ ನಂತರ ಅದು ಜಾಗ ಬದಲಿಸಿದ್ದರೆ ಫಿಲ್ಟರ್ ತಾನಾಗಿ ಸಡಿಲಗೊಳ್ಳುತ್ತಿದೆ ಎಂದು ತಿಳಿಯುತ್ತದೆ. ಸೋರಿಕೆಗೆ ಹೆದರಿ ರೆಂಚ್ ಹಾಕಿ ಇನ್ನಷ್ಟು ಎಳೆಯುವವರೇ ಹೆಚ್ಚು. ಅದರಿಂದ ರಬ್ಬರ್ ಕಾಲುವೆಯಿಂದ ಹೊರಚಾಚುತ್ತದೆ, ಮತ್ತು ಮುಂದಿನ ಸಲ ಬಿಚ್ಚುವಾಗ ಸ್ಟಡ್ ಸಡಿಲವಾಗುತ್ತದೆ. ಒಂದು ಸೋರಿಕೆ ಮುಂದಿನದಕ್ಕೆ ತಾನೇ ಬೀಜ ಬಿತ್ತಿದಂತೆ.

ಡಬ್ಬಿಯ ಬದಲು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಮುಚ್ಚಳದೊಳಗೆ ಕಾರ್ಟ್ರಿಜ್ (ಡಬ್ಬಿಯಿಲ್ಲದ ಸೋಸು ಕಾಗದದ ಭಾಗ) ಇರುವ ಟ್ರಕ್ಕುಗಳಲ್ಲಿ ಗಮನವೆಲ್ಲ ಓ-ರಿಂಗ್ ಎಂಬ ರಬ್ಬರ್ ಬಳೆಯ ಮೇಲಿರಬೇಕು. ಹಳೆಯ ಓ-ರಿಂಗ್ ತೆಗೆಯದೆ ಹೊಸದನ್ನು ಹಾಕುವುದು, ಕೆಳಗಿನ ಕಾಲುವೆಯ ಬದಲು ಥ್ರೆಡ್‌ನ ಬಳಿ ಕೂರಿಸುವುದು, ಡ್ರೈನ್ ಪ್ಲಗ್‌ನ ಸಣ್ಣ ಓ-ರಿಂಗ್ ಮರೆಯುವುದು, ಇವು ಮೂರೇ ಇಲ್ಲಿನ ಮುಖ್ಯ ಕಾರಣಗಳು. ಮುಚ್ಚಳದ ಮೇಲೆಯೇ ಟಾರ್ಕ್ ಅಚ್ಚಾಗಿರುವುದು ಸಾಮಾನ್ಯ, ಹಲವುಗಳಲ್ಲಿ 25 ನ್ಯೂಟನ್ ಮೀಟರ್. ಅದನ್ನು ಟಾರ್ಕ್ ರೆಂಚ್‌ನಿಂದಲೇ ಮುಟ್ಟಿ. ಪ್ಲಾಸ್ಟಿಕ್ ಮುಚ್ಚಳದಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಎಷ್ಟು ಓ-ರಿಂಗ್ ಹಾಕಿದರೂ ಪ್ರಯೋಜನವಿಲ್ಲ.

ಅಡಾಪ್ಟರ್, ಆಯಿಲ್ ಕೂಲರ್ ಮತ್ತು ಒತ್ತಡ

ಭಾರ ಎಳೆಯುವ ಪಿಕಪ್‌ಗಳಲ್ಲಿ ಬ್ಲಾಕ್ ಮತ್ತು ಫಿಲ್ಟರ್ ನಡುವೆ ಒಂದು ಅಡಾಪ್ಟರ್ ಅಥವಾ ಆಯಿಲ್ ಕೂಲರ್ ಕುಳಿತಿರುವುದು ಸಾಮಾನ್ಯ. ಅದರ ಹಿಂದೆ ತನ್ನದೇ ಓ-ರಿಂಗ್ ಅಥವಾ ಗ್ಯಾಸ್ಕೆಟ್ ಇರುತ್ತದೆ, ಮತ್ತು ಅದನ್ನು ಸರ್ವಿಸ್‌ನಲ್ಲಿ ಯಾರೂ ಮುಟ್ಟದ ಕಾರಣ ಅದರ ವಯಸ್ಸು ಎಂಜಿನ್‌ನ ವಯಸ್ಸೇ. ಫಿಲ್ಟರ್‌ನ ಅಂಚು ಒಣಗಿದ್ದು ಅದರಿಂದ ಎರಡು ಬೆರಳು ಹಿಂದೆ ಒದ್ದೆಯಿದ್ದರೆ ದೋಷ ಇಲ್ಲೇ. ಕೂಲರ್‌ನಲ್ಲಿ ರೇಡಿಯೇಟರ್ ನೀರೂ ಹರಿಯುತ್ತಿದ್ದರೆ ಬಿಚ್ಚುವ ಮೊದಲು ಕೂಲಂಟ್ ಇಳಿಸಬೇಕು. ಹೊಸ ಸೀಲ್ ಕೊಳ್ಳುವಾಗ ಅಳತೆಯ ಜೊತೆಗೆ ರಬ್ಬರ್‌ನ ಜಾತಿಯನ್ನೂ ನೋಡಿ: ಎಣ್ಣೆಗೆ ನೈಟ್ರೈಲ್ ಆಗುತ್ತದೆ, ಹೆಚ್ಚು ಬಿಸಿಗೆ ವಿಟಾನ್ ಇನ್ನೂ ತಡೆಯುತ್ತದೆ, ಆದರೆ ಕೂಲಂಟ್ ಪೈಪುಗಳಿಗೆ ಬಳಸುವ ಇಪಿಡಿಎಂ ಎಣ್ಣೆಯಲ್ಲಿ ಊದಿಕೊಂಡು ಹಾಳಾಗುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಿ.

ಗ್ಯಾಸ್ಕೆಟ್ ಹೊರಚಾಚಿದ್ದರೆ ಅಥವಾ ಡಬ್ಬಿ ಉಬ್ಬಿದ್ದರೆ ಒತ್ತಡ ಅಳೆಯದೆ ಮುಂದಿನ ಫಿಲ್ಟರ್ ಹಾಕುವುದು ವ್ಯರ್ಥ. ಪ್ರೆಶರ್ ಸ್ವಿಚ್ ತೆಗೆದು ಅದರ ಜಾಗದಲ್ಲಿ ಮುಳ್ಳಿನ ಗೇಜ್ ಸೇರಿಸಿ, ತಣ್ಣಗಿರುವಾಗಲೂ ಬಿಸಿಯಾದ ಮೇಲೂ, ಐಡಲ್‌ನಲ್ಲೂ ವೇಗ ಏರಿಸಿದಾಗಲೂ ಓದಿಕೊಂಡು ಕೈಪಿಡಿಯ ಮಿತಿಯೊಂದಿಗೆ ಹೋಲಿಸಿ. ವೇಗ ಏರಿದಂತೆ ಒತ್ತಡ ಒಂದು ಮಟ್ಟಕ್ಕೆ ಬಂದು ನಿಲ್ಲಬೇಕು, ಏಕೆಂದರೆ ಆಯಿಲ್ ಪಂಪಿನ ರಿಲೀಫ್ ವಾಲ್ವ್ ಅಲ್ಲಿ ತೆರೆದುಕೊಳ್ಳುತ್ತದೆ. ನಿಲ್ಲದೆ ಏರುತ್ತಲೇ ಹೋದರೆ ಆ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ. ಅನೇಕ ಎಂಜಿನ್‌ಗಳಲ್ಲಿ ಅದಕ್ಕಾಗಿ ಆಯಿಲ್ ಪ್ಯಾನ್ ಇಳಿಸಬೇಕಾಗುತ್ತದೆ, ಹಾಗಾಗಿ ಈ ಹಂತವನ್ನು ಮೆಕ್ಯಾನಿಕ್‌ಗೆ ಒಪ್ಪಿಸುವುದೇ ವಿವೇಕ. ಗೇಜ್‌ನ ಓದುಗಳನ್ನು ಬರೆದುಕೊಂಡು ಹೋದರೆ ಅವರ ಅರ್ಧ ಕೆಲಸ ಮುಗಿದಿರುತ್ತದೆ.

ಚಾಲೂ ಮಾಡಿ ಪರೀಕ್ಷಿಸುವುದು

ಎಣ್ಣೆ ತುಂಬಿ ಎಂಜಿನ್ ಚಾಲೂ ಮಾಡಿದಾಗ ಪ್ರೆಶರ್ ದೀಪ ಕೆಲವೇ ಸೆಕೆಂಡುಗಳಲ್ಲಿ ಆರಬೇಕು; ಆರದಿದ್ದರೆ ತಕ್ಷಣ ನಿಲ್ಲಿಸಿ. ಆರಿದರೆ ಅರ್ಧ ನಿಮಿಷ ಓಡಿಸಿ ನಿಲ್ಲಿಸಿ ಫಿಲ್ಟರ್‌ನ ಬುಡವನ್ನು ಕಾಗದದ ಟವೆಲ್‌ನಿಂದ ಒರೆಸಿ ನೋಡಿ. ಎರಡು ಗ್ಯಾಸ್ಕೆಟ್ ಸೇರಿಕೊಂಡಿದ್ದರೆ ಅಷ್ಟರಲ್ಲೇ ತಿಳಿಯುತ್ತದೆ, ಮತ್ತು ಅಷ್ಟರಲ್ಲೇ ನಿಲ್ಲಿಸುವುದೂ ಮುಖ್ಯ, ಏಕೆಂದರೆ ಅಂಥ ಸೋರಿಕೆ ಆಯಿಲ್ ಪ್ಯಾನನ್ನು ನಿಮಿಷಗಳಲ್ಲಿ ಬರಿದು ಮಾಡುತ್ತದೆ. ಒಣಗಿದ್ದರೆ ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಓಡಿಸಿ, ಹತ್ತು ನಿಮಿಷ ಕಾದು, ಸಮತಟ್ಟು ನೆಲದಲ್ಲಿ ಡಿಪ್‌ಸ್ಟಿಕ್ ನೋಡಿ ಮಟ್ಟವನ್ನು ಬರೆದಿಟ್ಟುಕೊಳ್ಳಿ. ಮರುದಿನ ಬೆಳಗ್ಗೆ ತಣ್ಣಗಿರುವಾಗ ಚಾಲೂ ಮಾಡಿದ ಕೂಡಲೇ ಇನ್ನೊಮ್ಮೆ, ಕೆಲವು ನೂರು ಕಿಲೋಮೀಟರ್ ನಂತರ ಮತ್ತೊಮ್ಮೆ ಅದೇ ಜಾಗವನ್ನು ಒರೆಸಿ ನೋಡಿ. ಬಿಸಿಯಾಗಿರುವಾಗ ಫಿಲ್ಟರನ್ನು ಇನ್ನಷ್ಟು ಬಿಗಿಗೊಳಿಸಲು ಹೋಗಬೇಡಿ.

ಈ ನಡುವೆ ಹನಿಗಳನ್ನು ಎಣಿಸುವುದಕ್ಕಿಂತ ಮಟ್ಟವನ್ನು ನಂಬಿ. ಸುಮಾರು ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್; ನೆಲದ ಮೇಲೆ ಅಂಗೈಯಗಲ ಹರಡಿದ ಕಲೆಯಲ್ಲಿ ಇರುವುದು ಒಂದೆರಡು ಮಿಲಿಲೀಟರ್ ಮಾತ್ರ ಇರಬಹುದು. ಅದೇ ಹತ್ತು ಸೆಕೆಂಡಿಗೆ ಒಂದು ಹನಿ ಎಂದರೆ ಗಂಟೆಗೆ 18 ಮಿಲಿಲೀಟರ್. ದಿನವಿಡೀ ಓಡುವ ಟ್ರಕ್ಕಿನಲ್ಲಿ ವಾರದೊಳಗೆ ಅದು ಲೀಟರಿನ ಹತ್ತಿರ ಬರುತ್ತದೆ.

ತೆಗೆದ ಫಿಲ್ಟರನ್ನು ಕಸದೊಂದಿಗೆ ಎಸೆಯಬೇಡಿ. ಬಾಯಿ ಕೆಳಗಾಗಿಸಿ ಒಂದು ರಾತ್ರಿ ಪಾತ್ರೆಯ ಮೇಲೆ ಬಸಿಯಲು ಬಿಟ್ಟು, ಬಸಿದ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಗೆ ಸುರಿದು, ಎರಡನ್ನೂ ಬಳಸಿದ ಎಣ್ಣೆ ಸಂಗ್ರಹಿಸುವ ಕಡೆ ಕೊಡಿ. ಆದರೆ ಸೋರಿಕೆ ಪೂರ್ತಿ ನಿಂತಿದೆ ಎಂದು ಖಚಿತವಾಗುವ ತನಕ ಹಳೆಯ ಗ್ಯಾಸ್ಕೆಟನ್ನು ಒಂದು ಚೀಲದಲ್ಲಿ ಎತ್ತಿಡಿ. ಮೆಕ್ಯಾನಿಕ್ ಬಳಿ ಹೋಗಬೇಕಾಗಿ ಬಂದರೆ ಅದರ ಮೇಲಿನ ಅಚ್ಚನ್ನು ಅವರೂ ನೋಡಬೇಕು.